ಮಂಜಿನೊಳಗಿನ ಗೆರೆ

ನಮ್ಮ ಕಡೆ ಐಸ್ ಅಂದರೆ ಕಡ್ಡಿಗೆ ಚುಚ್ಚಿ ಕೊಡುವ ಕೆಂಪು ಐಸು. ಬಾಯಲ್ಲಿಟ್ಟರೆ ಕರಗಿತು, ಮುಗಿಯಿತು.

ಲಡಾಖಿನ ಆ ಊರಲ್ಲಿ ಐಸ್ ಅಂದರೆ ನೆಲ. ಚಳಿಗಾಲ ಬಂತೆಂದರೆ ಇಡೀ ಕೆರೆ ಗಟ್ಟಿಯಾಗುತ್ತದೆ. ಜನ ಅದರ ಮೇಲೆ ನಡೆದು ಆಚೆ ಊರಿಗೆ ಹೋಗುತ್ತಾರೆ. ಮಕ್ಕಳು ಉಕ್ಕಿನ ಅಲಗಿರುವ ಬೂಟು ತೊಟ್ಟು ಐಸ್ ಹಾಕಿ ಆಡುತ್ತಾರೆ. ಚೆಂಡಿನ ಬದಲು ರಬ್ಬರಿನ ಕರಿ ಬಿಲ್ಲೆ, ಕೈಯಲ್ಲಿ ಉದ್ದನೆಯ ಕೋಲು.

ಆ ಕೆರೆಯ ದಂಡೆಯ ಮೇಲೆ ಎರಡು ಕೋಣೆಯ ಒಂದು ಆಶ್ರಮವಿತ್ತು. ಅಲ್ಲಿದ್ದ ಗುರುಗಳು ನಮ್ಮ ಗದಗಿನ ಕಡೆಯವರು. ನಂಬಿದರೆ ನಂಬಿ.

ಸಿಪಾಯಿಯಾಗಿ ಹೋದವರು, ಪಿಂಚಣಿ ಬಂದ ಮೇಲೂ ಗುಡ್ಡ ಇಳಿಯಲಿಲ್ಲ. ಕಾವಿ ಉಡಲಿಲ್ಲ. ಕೊರಳಲ್ಲಿ ಲಿಂಗ, ಮೈಮೇಲೆ ಹಳೆಯ ಮಿಲಿಟರಿ ಕೋಟು. ಬೆಳಿಗ್ಗೆ ಪೂಜೆ ಮಾಡುವುದು, ಆಮೇಲೆ ಊರಿನ ಹುಡುಗಿಯರಿಗೆ ಐಸಿನ ಮೇಲೆ ಆಟ ಕಲಿಸುವುದು. ಹುಡುಗಿಯರು ಅವರನ್ನು ಮೆಮೆ ಅನ್ನುತ್ತಿದ್ದರು. ಅಲ್ಲಿಯ ಮಾತಿನಲ್ಲಿ ಮೆಮೆ ಅಂದರೆ ಅಜ್ಜ.

ಜ್ಞಾನ ಬೇಕು ಅಂತ ಅಷ್ಟು ದೂರ ಹುಡುಕಿಕೊಂಡು ಬಂದ ಶಿಷ್ಯ ಒಬ್ಬನಿದ್ದ. ಫಕೀರೇಶ ಅಂತ ಹೆಸರು. ಅವನೂ ಅದೇ ಸೀಮೆಯವನು. ಬಂದ ದಿನವೇ ಅವರ ಕಾಲಿಗೆ ಬಿದ್ದ.

"ಅಜ್ಜಾರ, ನಾ ಕಲಿಯಾಕ ಬಂದೀನ್ರಿ."

"ಕಲೀವಂತಿ. ಮೊದಲ ಸಾರಿಸು."

"ಏನ ಸಾರಿಸ್ಲ್ರಿ?"

"ಕೆರಿ," ಅಂದರು ಅಜ್ಜಾರು. ಕೈಗೆ ಒಂದು ಬಕೆಟ್ಟು ಕೊಟ್ಟರು.

ತಮಾಷೆಯಲ್ಲ. ಹಗಲೆಲ್ಲ ಆಡಿ ಆಡಿ ಐಸಿನ ಮೇಲೆ ಗೀರು ಬೀಳುತ್ತವೆ. ಹೊತ್ತು ಮುಳುಗುವಾಗ ಅದರ ಮೇಲೆ ತೆಳ್ಳಗೆ ನೀರು ಹಾಕಿ ಬಟ್ಟೆಯಿಂದ ಎಳೆಯಬೇಕು. ಬೆಳಗಾಗುವುದರೊಳಗೆ ಹೊಸ ಐಸು. ನಮ್ಮ ಹೆಣ್ಣುಮಕ್ಕಳು ಅಂಗಳ ಸಾರಿಸಿದ ಹಾಗೆಯೇ ಅದು.

ಫಕೀರೇಶ ದಂಡೆಯ ಹತ್ತಿರ, ಆಟ ಆಡುವ ಜಾಗ ಮಾತ್ರ ಸಾರಿಸುತ್ತಿದ್ದ. ಅದೂ ಉಣ್ಣೆಯ ಕಾಲುಚೀಲ ಹಾಕಿಕೊಂಡು, ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಗೇಣು ಸರಿದು. ಕೆರೆಯ ನಡುವಿಗೆ ಅವನು ಒಂದು ದಿನವೂ ಹೋದವನಲ್ಲ. ಅಲಗಿನ ಬೂಟು ಮುಟ್ಟಿದವನಲ್ಲ. ಹೆದರಿಕೆ. ಐಸಿನ ಅಡಿಯಲ್ಲಿ ನೀರು ಗುಳುಗುಳು ಅಂದರೆ ಬಕೆಟ್ಟು ಬಿಟ್ಟು ದಂಡೆಗೆ ತೆವಳುತ್ತಿದ್ದ.

ಆದರೂ ಆಟ ಬಲ್ಲ. ದಂಡೆಯ ಮೇಲೆ ನಿಂತು ನೋಡಿ ನೋಡಿಯೇ ಎಲ್ಲ ಕಲಿತಿದ್ದ. ಯಾರ ಮೊಣಕಾಲು ಎಷ್ಟು ಬಗ್ಗಬೇಕು, ಯಾರ ಕೋಲು ಎಲ್ಲಿರಬೇಕು, ಎಲ್ಲ ಬಾಯಿಪಾಠ.

ಹೀಗೆ ಕೆಲವು ವರ್ಷ ಕಳೆದವು. ಬರಬರುತ್ತ ಫಕೀರೇಶ ದಂಡೆಯಿಂದಲೇ ಹುಡುಗಿಯರಿಗೆ ಹೇಳಿಕೊಡತೊಡಗಿದ.

ಪ್ರತಿ ಚಳಿಗಾಲದಲ್ಲೂ ಪಟ್ಟಣದ ದೊಡ್ಡ ಶಿಬಿರಕ್ಕೆ ಆ ಕೆರೆಯಿಂದ ಒಬ್ಬಳನ್ನು ಕಳಿಸುವ ವಾಡಿಕೆಯಿತ್ತು. ಒಬ್ಬಳನ್ನು ಮಾತ್ರ. ಆರಿಸುವವರು ಅಜ್ಜಾರು.

ಆ ವರ್ಷ ಅಜ್ಜಾರು ಚಹಾ ಕುಡಿಯುತ್ತ ಹೇಳಿದರು. "ಈ ಸಲ ನೀ ಆರಿಸು."

ಫಕೀರೇಶ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟ.

"ನಾನ್ರಿ?"

"ಮತ್ತ್ಯಾರು? ಇಲ್ಲಿ ಇನ್ನೊಬ್ಬ ಫಕೀರೇಶ ಅದಾನೇನು?"

"ಅಜ್ಜಾರ, ಒಬ್ಬರು ಮುಂದ ಏನಾಗ್ತಾರ ಅನ್ನೂದು ಈಗ ಹೆಂಗ ತಿಳೀತೈತ್ರಿ?"

ಅಜ್ಜಾರು ಕೆರೆಯ ಕಡೆ ನೋಡಿದರು. ಆಚೆ ಅರ್ಧ ಕೆರೆಗೆ ಮಂಜು ಮುಸುಕಿತ್ತು. ಬೆಳಗಿನ ಮಂಜು ಅಲ್ಲಿ ಮಧ್ಯಾಹ್ನದವರೆಗೂ ಏಳುವುದಿಲ್ಲ. ಕೆರೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ಹೇಳಲು ಬರುವುದಿಲ್ಲ.

"ದಂಡಿ ಮ್ಯಾಲ ನಿಂತು ನೋಡಿದರ ದಂಡಿ ಕಾಣ್ತೈತಿ," ಅಂದರು.

ಫಕೀರೇಶ ತಲೆಯಾಡಿಸಿದ. ಏನೂ ತಿಳಿಯದಿದ್ದಾಗ ನಾವೆಲ್ಲ ಆಡಿಸುತ್ತೇವಲ್ಲ, ಹಾಗೆ.

ಆ ವರ್ಷ ಲೆಕ್ಕಕ್ಕಿದ್ದವರು ಇಬ್ಬರೇ ಹುಡುಗಿಯರು.

ಒಬ್ಬಳು ಪಾಲ್ಮೋ. ಗಿಡ್ಡಕ್ಕೆ, ಗಟ್ಟಿಯಾಗಿ ಇದ್ದಳು. ಐಸಿನ ಮೇಲೆ ಇಳಿದಳೆಂದರೆ ನೋಡುವುದೇ ಚಂದ. ಬಿಲ್ಲೆ ಅವಳ ಕೋಲಿಗೆ ಅಂಟಿಕೊಂಡೇ ಬರುತ್ತಿತ್ತು. ಬಾಯಿಯೂ ಅಷ್ಟೇ ಚುರುಕು.

ಇನ್ನೊಬ್ಬಳು ಡೋಲ್ಕರ್. ಎತ್ತರ ಅಂದರೆ ಎತ್ತರ! ಆಶ್ರಮದ ಬಾಗಿಲಿಗೆ ಹಣೆ ಬಡಿಸಿಕೊಳ್ಳದೆ ಅವಳು ಒಳಗೆ ಬಂದ ದಿನವೇ ಇರಲಿಲ್ಲ. ಒಂದೇ ಬೇಸಿಗೆಯಲ್ಲಿ ಜೋಳದ ದಂಟಿನ ಹಾಗೆ ಬೆಳೆದುಬಿಟ್ಟಿದ್ದಳು. ಕೈ ಎಲ್ಲಿ, ಕಾಲು ಎಲ್ಲಿ ಅಂತ ಅವಳಿಗೇ ಗೊತ್ತಿದ್ದ ಹಾಗೆ ಕಾಣುತ್ತಿರಲಿಲ್ಲ. ಆಟಕ್ಕೆ ಹೊಸಬಳು, ಹಸಿ.

ಆದರೆ ವಯಸ್ಸು ಮುಗಿಯುತ್ತ ಬಂದಿತ್ತು. ಶಿಬಿರಕ್ಕೆ ಸೇರಲು ಅವಳಿಗೆ ಇದೇ ಕೊನೆಯ ವರ್ಷ. ಇಲ್ಲದಿದ್ದರೆ ಕಣಿವೆಯ ರಸ್ತೆ ಕೆಲಸಕ್ಕೆ ಸೇರಿಸುತ್ತೇನೆ ಅಂತ ಅವಳ ಅಪ್ಪ ಹೇಳಿಟ್ಟಿದ್ದ. ಕಲ್ಲು ಒಡೆಯುವ ಕೆಲಸ. ಅವನದೂ ತಪ್ಪಲ್ಲ. ಮನೆಯಲ್ಲಿ ತಿನ್ನುವ ಬಾಯಿಗಳು ಬಹಳ.

ಇದೆಲ್ಲ ಫಕೀರೇಶನಿಗೆ ಗೊತ್ತಿತ್ತು. ಅದಕ್ಕೇ ಅವಳನ್ನು ನೋಡಿದರೆ ಅವನ ಜೀವ ಹಿಡಿಯಷ್ಟಾಗುತ್ತಿತ್ತು. ಹೇಗಾದರೂ ಈ ಹುಡುಗಿ ಬೀಳದಿರಲಪ್ಪಾ ಅಂತ ದಿನಾ ಬೇಡಿಕೊಳ್ಳುತ್ತಿದ್ದ.

ಅವನು ಹುಡುಗಿಯರಿಗೆ ಹೇಳಿಕೊಡುವುದು ಹಿಂದಿಯಲ್ಲಿ. ಗಾಬರಿಯಾದಾಗ ಮಾತ್ರ ಕನ್ನಡದ ಒಂದು ಮಾತು ಬಾಯಿಗೆ ಬರುತ್ತಿತ್ತು. ಅವನು ಸಣ್ಣವನಿದ್ದಾಗ ಪಾಚಿ ಹಿಡಿದ ಕೆರೆಯ ಮೆಟ್ಟಿಲು ಇಳಿಯುವಾಗೆಲ್ಲ ಅವನ ಅವ್ವ ಕೂಗುತ್ತಿದ್ದ ಮಾತು ಅದು.

"ಕಾಲ ನೋಡ್ಕೋ!"

ಡೋಲ್ಕರ್ ಐಸಿಗೆ ಇಳಿದಳು. ಫಕೀರೇಶ ದಂಡೆಯಿಂದ ಕೂಗಿದ, "ಕಾಲ ನೋಡ್ಕೋ!"

ಡೋಲ್ಕರ್ ಬಿದ್ದಳು.

ಎದ್ದಳು. ಬಿಲ್ಲೆ ಹಿಡಿದು ಬಂದಳು. "ಕಾಲ, ಕಾಲ! ಕಾಲ ನೋಡ್ಕೋ!"

ಮತ್ತೆ ಬಿದ್ದಳು.

ಪಾಲ್ಮೋಗೂ ಅದನ್ನೇ ಕೂಗುತ್ತಿದ್ದ. ಅವಳು ನಗುತ್ತ ದಾಟಿ ಹೋಗುತ್ತಿದ್ದಳು. ಅವಳಿಗೆ ಆ ಮಾತಿನ ಅರ್ಥವೇ ಗೊತ್ತಿರಲಿಲ್ಲ. ಅದು ಅವನ ಕೆಮ್ಮು ಅಂತಲೋ ಏನೋ ಅಂದುಕೊಂಡಿದ್ದಳು. ಅವನ ಬೆನ್ನ ಹಿಂದೆ ಅವನಿಗೆ ಕಾಲ್ನೋಡ್ಕೋ ಆಚೋ ಅಂತಲೇ ಹೆಸರಿಟ್ಟಿದ್ದಳು. ಆಚೋ ಅಂದರೆ ಅಣ್ಣ.

ಸಂಜೆ ಅಜ್ಜಾರು ಕೇಳಿದರು. "ಏನ ನೋಡಿದಿ?"

"ಡೋಲ್ಕರ್ ಬಿದ್ದಳ್ರಿ."

"ಮತ್ತ?"

"ಮತ್ತ ಬಿದ್ದಳ್ರಿ."

"ಆಮ್ಯಾಲ?"

"ಆಮ್ಯಾಲ ಮಂಜಿನೊಳಗ ಹೋದಳ್ರಿ. ದಿನಾ ಹಂಗ ಮಾಡ್ತಾಳ. ನಾಕ ಸಲ ಬಿದ್ದಳಂದ್ರ ಸಾಕು, ಆಚೆ ಹೋಗಿ ಎಲ್ಲೋ ಕದ್ದು ಕುಂತಬಿಡ್ತಾಳ. ಊಟದ ಹೊತ್ತಿಗೆ ಬರ್ತಾಳ."

"ಕುಂತಿದ್ದು ನೋಡಿಯೇನು?"

"ಮಂಜಿನ್ಯಾಗ ಹೆಂಗ ಕಾಣ್ತೈತ್ರಿ?"

"ಹಂಗಾರ ಕುಂತಾಳ ಅಂತ ಯಾರ ಹೇಳಿದರು?"

ಫಕೀರೇಶ ಬಟ್ಟಲಿಗೆ ಚಹಾ ಬಗ್ಗಿಸಿದ. ಅಜ್ಜಾರು ಅಲ್ಲಿಯ ರೂಢಿಯಂತೆ ಚಹಾಕ್ಕೆ ಇನ್ನಷ್ಟು ಬೆಣ್ಣೆ ಹಾಕಿಕೊಂಡರು.

ದಿನಗಳು ಹೋದವು. ಶಿಬಿರಕ್ಕೆ ಕರೆದೊಯ್ಯುವ ಜೀಪು ಘಾಟಿಯ ಆಚೆಯಿಂದ ಬರುವ ದಿನ ಹತ್ತಿರವಾಯಿತು. ಫಕೀರೇಶನಿಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಒಬ್ಬ ಉದ್ದನೆಯ ಹುಡುಗಿ ಬಿಳಿ ನೆಲದ ಮೇಲೆ ಬೀಳುತ್ತಿದ್ದಳು. ಕನಸಿನಲ್ಲಿ ಮಾತ್ರ ಅವಳು ನೆಲ ಮುಟ್ಟುತ್ತಲೇ ಇರಲಿಲ್ಲ. ಬೀಳುತ್ತಲೇ ಇರುತ್ತಿದ್ದಳು, ನಿಧಾನವಾಗಿ, ಹಗುರವಾಗಿ. ಅವನು ಕೂಗಲು ಬಾಯಿ ತೆರೆಯುತ್ತಿದ್ದ, ದನಿ ಹೊರಡುತ್ತಿರಲಿಲ್ಲ. ಎಚ್ಚರವಾಗುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಅವಳನ್ನು ಕರೆದ. ಅವಳು ಬಾಗಿಲಿಗೆ ಹಣೆ ಬಡಿಸಿಕೊಂಡು ಒಳಗೆ ಬಂದು ನಿಂತಳು.

"ಡೋಲ್ಕರ್, ಈ ಸಲ ಪಾಲ್ಮೋನ ಕಳಿಸ್ತಾ ಇದ್ದೀನಿ."

ಅವಳು ಹಣೆ ಉಜ್ಜಿಕೊಳ್ಳುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

"ಆಯ್ತು ಆಚೋ."

"ನಿನ್ನ ಕಾಲು ಇನ್ನೂ ನಿಂತಿಲ್ಲ. ಅಲ್ಲಿಗೆ ಹೋದರೆ ಒಂದೇ ವಾರದಲ್ಲಿ ಮೂಳೆ ಮುರ್ಕೊಂಡು ಬರ್ತೀಯ. ನಿನ್ನನ್ನ ಕಳಿಸೋ ಆಸೆ ನನಗೆ ಇಲ್ಲ ಅಂತಲ್ಲ."

"ಗೊತ್ತು ಆಚೋ. ನೀವು ದಿನಾ ಎಷ್ಟು ಹೇಳಿಕೊಟ್ರಿ. ನನಗೇ ಬರಲಿಲ್ಲ."

ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಮೂಲೆಯಲ್ಲಿದ್ದ ಬಕೆಟ್ಟು ತೆಗೆದುಕೊಂಡು, "ಸಂಜೆ ಸಾರಿಸೋಕೆ ನಾನೂ ಬರ್ತೀನಿ," ಅಂತ ಹೊರಟಳು. ಹೋಗುವಾಗಲೂ ಹಣೆ ಬಡಿಯಿತು.

ಫಕೀರೇಶನಿಗೆ ತನ್ನ ಮೇಲೇ ಹೇಸಿಗೆ ಬಂತು. ತಪ್ಪು ಮಾಡಿದೆನೋ ಸರಿ ಮಾಡಿದೆನೋ ಗೊತ್ತಾಗಲಿಲ್ಲ. ಹೇಸಿಗೆಯಂತೂ ಬಂತು.

ಹೊತ್ತು ಇಳಿಯಿತು. ಅವನು ನೀರು ಹಾಕಲು ಬಗ್ಗಿದಾಗ ಹಿಂದಿನಿಂದ ಅಜ್ಜಾರು ಅಂದರು, "ತಡಿ. ಸಾರಿಸೂಕಿಂತ ಮೊದಲ ನೋಡು."

"ಏನ ನೋಡ್ಲ್ರಿ?"

"ದಿನಾ ಅಳಸ್ತಿಯಲ್ಲ, ಅದನ್ನ."

ಅವನು ಮೊದಲ ಸಲ ನೋಡಿದ. ಇಳಿಬಿಸಿಲಿನಲ್ಲಿ ಐಸಿನ ಮೇಲಿನ ಗೀರುಗಳೆಲ್ಲ ಹೊಳೆಯುತ್ತಿದ್ದವು. ದುಂಡಗೆ, ಒತ್ತೊತ್ತಾಗಿ ಇದ್ದವು ಪಾಲ್ಮೋಳ ಗೆರೆಗಳು. ಅವುಗಳ ನಡುವೆ ಅಲ್ಲಲ್ಲಿ ಅಲಗು ಕಚ್ಚಿ ಕಿತ್ತ ಗುರುತು, ಆಮೇಲೆ ಮೈ ಜಾರಿದ ಅಗಲ ಪಟ್ಟಿ. ಅವು ಡೋಲ್ಕರ್ ಬಿದ್ದ ಜಾಗಗಳು.

"ಎಲ್ಲೆಲ್ಲಿ ಬಿದ್ದಾಳ?" ಅಂತ ಕೇಳಿದರು ಅಜ್ಜಾರು.

"ಇಲ್ಲಿ, ಇಲ್ಲಿ. ಅಲ್ಲೊಂದು. ಎಲ್ಲಾ ದಂಡಿ ಕಡೀನ ಅದಾವ್ರಿ."

"ದೂರ?"

"ದೂರ ಒಂದೂ ಇಲ್ರಿ."

ಫಕೀರೇಶನ ಮುಖ ಅರಳಿತು. "ತಿಳೀತ್ರಿ ಅಜ್ಜಾರ! ದಂಡಿ ಕಡೆ ಐಸ್ ಕೆಟ್ಟೈತಿ. ನಾ ಸರಿಯಾಗಿ ಸಾರಿಸಿಲ್ಲ. ಆಕೀದೇನೂ ತಪ್ಪಿಲ್ಲ!"

ನನಗೆ ಇವನ ಮೇಲೆ ಸಿಟ್ಟು ಬರುವುದು ಇಲ್ಲೇ. ಪಾಪ ಅನ್ನಿಸುವುದೂ ಇಲ್ಲೇ.

ಅಜ್ಜಾರು ಕೋಟಿನ ಕಾಲರು ಎಳೆದುಕೊಂಡು ಒಳಗೆ ಹೋದರು.

ಫಕೀರೇಶ ದಂಡೆಯ ಹತ್ತಿರ ಬಕೆಟ್ಟಿನ ಮೇಲೆ ಬಕೆಟ್ಟು ನೀರು ಹಾಕಿದ. ಡೋಲ್ಕರ್ ಐಸಿನಲ್ಲಿ ಕೊರೆದ ತೂತಿನಿಂದ ನೀರು ಮೊಗೆದು ಮೊಗೆದು ಕೊಟ್ಟಳು. ಇಬ್ಬರ ಬೆರಳೂ ಮರಗಟ್ಟಿದವು. ಬೆಳಿಗ್ಗೆ ನೋಡಿದರೆ ದಂಡೆಯ ಕಡೆ ಐಸು ಗಾಜಿನ ಹಾಗೆ ಆಗಿತ್ತು. ಮುಖ ಕಾಣುತ್ತಿತ್ತು.

"ಈಗ ಆಡು ನೋಡೋಣ," ಅಂದ ಫಕೀರೇಶ ಖುಷಿಯಿಂದ.

ಡೋಲ್ಕರ್ ಇಳಿದಳು. ಅವನ ಬಾಯಿ ತಾನಾಗಿ ತೆರೆಯಿತು.

"ಕಾಲ ನೋಡ್ಕೋ!"

ಬಿದ್ದಳು. ಹೊಸ ಐಸಿನ ಮೇಲೆ ಇನ್ನೂ ದೂರ ಜಾರಿಕೊಂಡು ಹೋದಳು. ಪಾಲ್ಮೋ ಹೊಟ್ಟೆ ಹಿಡಿದುಕೊಂಡು ನಕ್ಕಳು. ಡೋಲ್ಕರ್ ಎದ್ದು, ಯಾರ ಮುಖವನ್ನೂ ನೋಡದೆ, ಮಂಜಿನ ಕಡೆ ಹೋಗಿಬಿಟ್ಟಳು.

ಅವನು ಅಜ್ಜಾರ ಮುಂದೆ ಬಂದು ಕುಸಿದ.

"ನನ್ನಿಂದ ಆಗೂದಿಲ್ರಿ. ಆಕಿ ಒಳಗ ಏನೈತಿ ಅಂತ ನನಗ ತಿಳೀವಲ್ದು. ನೀವಾ ಹೇಳಿಬಿಡ್ರಿ."

ಅಜ್ಜಾರು ಮಂಚದ ಕೆಳಗಿನಿಂದ ಒಂದು ಜೊತೆ ಅಲಗಿನ ಬೂಟು ಎಳೆದರು. ಹಳೆಯವು, ಅವರವೇ. ಅವನ ಮುಂದಿಟ್ಟರು.

"ಹಾಕ್ಕೋ."

"ಅಯ್ಯಯ್ಯೋ! ಬ್ಯಾಡ್ರಿ ಅಜ್ಜಾರ. ನನ್ನ ಕೈಲಿ..."

"ಆಕೀನ ಕರದು ಹೇಳು. ನನ್ನನ್ನ ಮಂಜಿನೊಳಗ ಕರಕೊಂಡು ಹೋಗು ಅನ್ನು."

"ನಾ ಬಿದ್ದು ಸತ್ತರ?"

"ಸತ್ತರ ಬಂದು ಹೇಳು."

ಡೋಲ್ಕರ್ ಬಂದಳು. ಅವನ ಎರಡೂ ಕೈ ಹಿಡಿದುಕೊಂಡಳು. ಅವಳು ಹಿಮ್ಮುಖವಾಗಿ ಜಾರುತ್ತ ಅವನನ್ನು ಎಳೆಯತೊಡಗಿದಳು. ಫಕೀರೇಶ ಮೈಯೆಲ್ಲ ಬಿಗಿ ಹಿಡಿದು ತನ್ನ ಬೂಟಿನ ತುದಿ ನೋಡುತ್ತಿದ್ದ. ನೋಡಿದಷ್ಟೂ ಕಾಲು ಅವನ ಮಾತು ಕೇಳಲಿಲ್ಲ. ಬಲಗಾಲು ಒಂದು ಕಡೆ, ಎಡಗಾಲು ಇನ್ನೊಂದು ಕಡೆ. ಧೊಪ್ಪೆಂದು ಬಿದ್ದ.

ಅವಳು ಎತ್ತಿ ನಿಲ್ಲಿಸಿದಳು. ಮತ್ತೆ ಬಿದ್ದ.

"ಆಚೋ, ನನ್ನ ಮುಖ ನೋಡಿ."

"ಕಾಲು..."

"ಕಾಲು ಎಲ್ಲೂ ಹೋಗೋದಿಲ್ಲ. ನನ್ನ ಮುಖ ನೋಡಿ."

ನೋಡಿದ. ಎಷ್ಟು ಎತ್ತರದಲ್ಲಿತ್ತು ಆ ಮುಖ! ಅದರ ಹಿಂದೆ ಎಲ್ಲ ಬಿಳಿ. ಕಾಲಿನ ಕೆಳಗೆ ಏನೋ ಸರಿಯುತ್ತಿತ್ತು, ಅದು ಐಸೋ ಗಾಳಿಯೋ ತಿಳಿಯಲಿಲ್ಲ. ದಂಡೆ ಕರಗಿತು. ಆಶ್ರಮ ಕರಗಿತು. ಪಾಲ್ಮೋಳ ನಗು ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ನಿಂತೇ ಹೋಯಿತು. ಮಂಜು ಕೆನ್ನೆಗೆ ಒದ್ದೆ ಬಟ್ಟೆ ಸವರಿದ ಹಾಗೆ ತಾಗುತ್ತಿತ್ತು. ಅವನಿಗೆ ನಿದ್ದೆಯಲ್ಲಿ ನಡೆದಂತಾಯಿತು. ಹೆದರಿಕೆ ಎಲ್ಲಿ ಬಿಟ್ಟು ಬಂದೆ ಅನ್ನುವುದೂ ನೆನಪಿರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಅವನಿಗೆ ಹೊಳೆಯಿತು. ಈ ಹುಡುಗಿ ಇಷ್ಟು ದೂರ, ಬೆನ್ನು ಮುಂದೆ ಮಾಡಿಕೊಂಡು, ಒಬ್ಬ ಗಂಡಸಿನ ಭಾರ ಎಳೆದುಕೊಂಡು ಬಂದಿದ್ದಾಳೆ. ಒಂದು ಸಲವೂ ಎಡವಿಲ್ಲ.

"ಡೋಲ್ಕರ್, ನಿಲ್ಲು."

ನಿಂತಳು. ಅವನು ಸುತ್ತ ನೋಡಿದ.

ಅಲ್ಲಿಯ ಐಸನ್ನು ಯಾರೂ ಸಾರಿಸುತ್ತಿರಲಿಲ್ಲ. ಹಾಗಾಗಿ ಆ ಚಳಿಗಾಲದ ಗೆರೆಗಳೆಲ್ಲ ಅಲ್ಲಿ ಹಾಗೇ ಇದ್ದವು. ಉದ್ದುದ್ದ ಗೆರೆಗಳು. ಒಂದು ಕಾಲಿನ ಎಳೆತ ಮುಗಿಯುವುದೇ ಇಲ್ಲವೇನೋ ಅನ್ನುವಷ್ಟು ಉದ್ದ. ಬಾಗಿ, ತಿರುಗಿ, ದೊಡ್ಡ ದೊಡ್ಡ ಸುತ್ತು ಹಾಕಿ, ಮಂಜಿನೊಳಗಿಂದ ಬಂದು ಮಂಜಿನೊಳಗೇ ಹೋಗಿದ್ದವು. ಪಾಲ್ಮೋ ಹತ್ತು ಸಲ ಕಾಲು ಹಾಕುವ ದೂರವನ್ನು ಇಲ್ಲಿ ಯಾರೋ ಎರಡೇ ಸಲಕ್ಕೆ ದಾಟಿದ್ದರು.

ಬಿದ್ದ ಗುರುತು ಹುಡುಕಿದ. ಸಿಗಲಿಲ್ಲ.

"ಇದೆಲ್ಲ ಯಾರದು?"

ಅವಳು ತಲೆ ತಗ್ಗಿಸಿದಳು. "ನಂದೇ ಆಚೋ."

"ಇಲ್ಲಿ ನೀನು ಬೀಳೋದಿಲ್ವಾ?"

"ಇಲ್ಲ." ಅವಳ ದನಿ ಸಣ್ಣದಾಯಿತು. "ತಪ್ಪಾಯ್ತು ಆಚೋ. ಇಲ್ಲಿ ನಿಮ್ಮ ಕೂಗು ಕೇಳಿಸೋದಿಲ್ಲ. ಅದಕ್ಕೆ ಕಾಲು ನೋಡ್ಕೊಳ್ಳೋದು ಮರೆತುಬಿಡ್ತೀನಿ."

ಫಕೀರೇಶ ತಲೆ ಎತ್ತಿ ಅವಳನ್ನು ನೋಡಿದ.

"ಆ ಮಾತಿನ ಅರ್ಥ ನಿನಗೆ ಹೇಗೆ ಗೊತ್ತು?"

"ಮೆಮೆನ ಕೇಳಿದ್ದೆ. ಇವರೆಲ್ಲ ನಗ್ತಾರೆ. ನಾನು ನಗಲಿಲ್ಲ. ನೀವು ಅಷ್ಟು ಪ್ರೀತಿಯಿಂದ ಕೂಗ್ತೀರಲ್ಲ, ಏನೋ ದೊಡ್ಡ ಮಾತಿರಬೇಕು ಅಂತ ಕೇಳಿದೆ. ಅವತ್ತಿಂದ ನೀವು ಕೂಗಿದಾಗೆಲ್ಲ ಕಾಲು ನೋಡ್ತೀನಿ. ಎಷ್ಟು ನೋಡಿದ್ರೂ ಬೀಳ್ತೀನಿ. ನನ್ನ ಕಾಲು ಬಹಳ ದೂರ ಇದೆ ಆಚೋ."

ಅವನು ಅಲ್ಲೇ ಐಸಿನ ಮೇಲೆ ಕೂತುಬಿಟ್ಟ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಅವಳು ಗಾಬರಿಯಾಗಿ, ಏಟು ಬಿತ್ತೇನೋ ಅಂತ ಅವನ ಮೊಣಕಾಲು ಮುಟ್ಟಿ ಮುಟ್ಟಿ ನೋಡಿದಳು.

ಆಶ್ರಮಕ್ಕೆ ಬಂದವನೇ ಅಜ್ಜಾರ ಮೇಲೆ ಹರಿಹಾಯ್ದ. ಗುರು ಅನ್ನುವುದನ್ನೂ ನೋಡಲಿಲ್ಲ.

"ನಿಮಗ ಗೊತ್ತಿತ್ತು! ಆಕೀಗೆ ಅರ್ಥ ಹೇಳಿದವರು ನೀವಾ. ನಾ ಕೂಗೂದು ದಿನಾ ನಿಮ್ಮ ಕಿವಿಗೆ ಬೀಳ್ತಿತ್ತು. ಒಂದ ಮಾತು ಹೇಳಬಾರದಿತ್ತೇನ್ರಿ? ಆ ಹುಡುಗಿ ಕಲ್ಲು ಒಡಿಯಾಕ ಹೋಗಿಬಿಡ್ತಿದ್ದಳು!"

ಅಜ್ಜಾರು ಅವನ ಒದ್ದೆ ಕಾಲುಚೀಲ ಬಿಚ್ಚಿ ಒಲೆಯ ಹತ್ತಿರ ಹರವಿದರು.

"ನಾ ಹೇಳಿದ್ದರ ನೀ ಕಾಲ ನೋಡ್ಕೋ ಅನ್ನೂದು ಬಿಡ್ತಿದ್ದಿ."

"ಹೌದ್ರಿ, ಬಿಡ್ತಿದ್ದೆ!"

"ನಾಳೆ ಕೈ ನೋಡ್ಕೋ ಅಂತಿದ್ದಿ."

ಫಕೀರೇಶ ಒಲೆಯ ಮುಂದೆ ಕೂತ. ಒಲೆಯಲ್ಲಿ ಸಗಣಿ ಬೆರಣಿ ಉರಿಯುತ್ತಿತ್ತು. ಅವನು ಇನ್ನೊಂದು ಬೆರಣಿ ಮುರಿದು ಒಳಗೆ ತಳ್ಳಿದ.

"ಆಕೀನ್ನ ಕಳಸ್ತೀನ್ರಿ ಅಜ್ಜಾರ."

"ಕಳಸು."

"ನೋಡ್ತಿರ್ರಿ, ಆಕಿ ಭಾಳ ದೊಡ್ಡ ಆಟಗಾರ್ತಿ ಆಗ್ತಾಳ."

"ನಿನ್ನೆ ಆಗೂದಿಲ್ಲ ಅಂದಿ. ಇವತ್ತ ಆಗ್ತಾಳ ಅಂತಿ. ಎರಡೂ ನಿನ್ನ ಬಾಯಾಗಿಂದನ ಬಂದಾವಲ್ಲೋ ತಮ್ಮಾ."

ಪಾಲ್ಮೋಗೆ ವಿಷಯ ತಿಳಿಯಿತು. ಕೋಲು ಎಸೆದಳು. "ಬೀಳೋರನ್ನ ಕಳಿಸ್ತಾರಂತೆ! ಮುಂದಿನ ವರ್ಷ ನನ್ನನ್ನ ಕಳಿಸದೆ ಹೋದ್ರೆ ನಿಮ್ಮ ಬಕೆಟ್ಟು ಕೆರೆಗೆ ಹಾಕ್ತೀನಿ ಕಾಲ್ನೋಡ್ಕೋ ಆಚೋ," ಅಂದಳು. ಮುಖದ ಮೇಲೆಯೇ ಅಂದಳು. ಅವಳ ಸಿಟ್ಟು ನ್ಯಾಯದ್ದೇ. ಅವನು ಕೈ ಮುಗಿದ.

ಜೀಪು ಬರುವ ದಿನ ಬಂತು. ರಸ್ತೆ ಇರುವುದು ಕೆರೆಯ ಆಚೆ ದಂಡೆಗೆ. ಜೀಪು ಅಲ್ಲೇ ನಿಲ್ಲುತ್ತದೆ. ಹೋಗುವವರು ಕೆರೆ ದಾಟಿಕೊಂಡು ಹೋಗಬೇಕು.

ಮಂಜು ಇನ್ನೂ ಎದ್ದಿರಲಿಲ್ಲ. ಆಚೆ ದಂಡೆಯಿಂದ ಜೀಪಿನ ಹಾರ್ನ್ ಕೇಳಿಸಿತು, ಯಾರದೋ ಕನಸಿನೊಳಗೆ ಊದಿದ ಹಾಗೆ.

ಡೋಲ್ಕರ್ ಬೆನ್ನಿಗೆ ಗಂಟು ಕಟ್ಟಿಕೊಂಡು, ಕೋಲು ಹಿಡಿದು ಐಸಿನ ಮೇಲೆ ನಿಂತಳು. ಅವಳ ಅಪ್ಪ ಅಮ್ಮ ಹರಸಿದರು. ಅಜ್ಜಾರು ಅವಳ ತಲೆ ಮುಟ್ಟಲು ಕೈ ಎತ್ತಿದರು, ಎಟುಕಲಿಲ್ಲ. ಅವಳೇ ಬಗ್ಗಿದಳು.

ಆಮೇಲೆ ಫಕೀರೇಶನ ಕಡೆ ತಿರುಗಿದಳು.

ಕಾದಳು.

"ಆಚೋ, ಇವತ್ತು ಹೇಳೋದಿಲ್ವಾ?"

ಅವನ ಗಂಟಲಿನವರೆಗೂ ಆ ಮಾತು ಬಂದಿತ್ತು. ಅವನ ಅವ್ವ ಹೇಳಿದ ಮಾತು. ಅವನಿಗೆ ಪ್ರೀತಿಯಲ್ಲಿ ಹೇಳಲು ಬರುತ್ತಿದ್ದ ಒಂದೇ ಮಾತು ಅದು. ಮಫ್ಲರಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡು ಕಚ್ಚಿ ಹಿಡಿದ. ಕಣ್ಣಲ್ಲಿ ನೀರು ಬಂತು. ತಲೆಯನ್ನು ಅಡ್ಡಕ್ಕೆ ಆಡಿಸಿದ.

ಅವಳು ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೊರಟಳು.

ಎರಡು ಹೆಜ್ಜೆ ಹೋಗುವಷ್ಟರಲ್ಲಿ ಬಲಗಾಲು ಅದುರಿತು. ಬೆನ್ನಿನ ಗಂಟು ಓಲಾಡಿತು. ಅಭ್ಯಾಸ ನೋಡಿ, ತಲೆ ಕೆಳಗೆ ಬಾಗತೊಡಗಿತು. ಫಕೀರೇಶನ ಹಲ್ಲಿನ ನಡುವೆ ಉಣ್ಣೆ ಕರಕರ ಅಂದಿತು.

ದಂಡೆಯಿಂದ ಯಾವ ಕೂಗೂ ಬರಲಿಲ್ಲ.

ಬಾಗುತ್ತಿದ್ದ ತಲೆ ನಿಂತಿತು. ನಿಧಾನಕ್ಕೆ ಮೇಲೆದ್ದಿತು. ಅವಳು ಎದುರಿನ ಮಂಜನ್ನೇ ನೋಡುತ್ತ ಒಂದು ಕಾಲು ತಳ್ಳಿದಳು. ಅದು ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಆಮೇಲೆ ಇನ್ನೊಂದು ಕಾಲು. ಊರವರೆಲ್ಲ ಸುಮ್ಮನೆ ನಿಂತು ನೋಡಿದರು. ಆ ಹುಡುಗಿ ಇಷ್ಟು ಉದ್ದ ಯಾಕೆ ಬೆಳೆದಿದ್ದಳು ಅಂತ ಅವತ್ತು ಅವರಿಗೆ ಕಂಡಿತು. ಪಾಲ್ಮೋ ಕೂಡ ನೋಡಿದಳು. ನಗಲಿಲ್ಲ.

ಮೊದಲು ಅವಳ ಬೂಟು ಮಂಜಿನಲ್ಲಿ ಮುಳುಗಿತು. ಆಮೇಲೆ ಗಂಟು, ಆಮೇಲೆ ತಲೆ. ಅಲಗಿನ ಸದ್ದು ಸ್ವಲ್ಪ ಹೊತ್ತು ಕೇಳಿಸಿ ಅದೂ ನಿಂತಿತು. ಐಸಿನ ಮೇಲೆ ದಂಡೆಯಿಂದ ಮಂಜಿನವರೆಗೆ ಹೊಸ ಗೆರೆಗಳು ಉಳಿದವು. ನಡುವೆ ಬಿದ್ದ ಗುರುತಿರಲಿಲ್ಲ.

ಜನ ಮನೆಗೆ ಹೋದರು. ಫಕೀರೇಶ ನಿಂತೇ ಇದ್ದ. ಬಾಯಿಂದ ಮಫ್ಲರು ತೆಗೆದ.

"ಅಜ್ಜಾರ, ಎಲ್ಲೀತನಕ ಹೋಗ್ತಾಳ್ರಿ ಈಕಿ?"

ಅಜ್ಜಾರು ಬಕೆಟ್ಟು ಎತ್ತಿ ಅವನ ಕೈಗೆ ಕೊಟ್ಟರು.

"ನೀ ಸುಮ್ಮನಿರೂತನಕ."